ಅಚ್ಚಿನ ಉಸಿರಿಗೆ ಬೆಂಕಿ ಇಡುವ ಮರಳಕ್ಕ

ಕುಲುಮೆಯ ಮೇಸ್ತ್ರಿ ಎಡಗೈ ಎತ್ತುತ್ತಾರೆ. ಗದ್ದಲವೆಲ್ಲ ತಟ್ಟನೆ ನಿಂತುಬಿಡುತ್ತದೆ. ಹೊರಗೆ ಬೀದಿದೀಪಗಳು ಇನ್ನೂ ಆರಿಲ್ಲ. ಒಳಗೆ ಕರಗಿದ ಕಬ್ಬಿಣದ ಬೆಳಕಿನಲ್ಲಿ ಎಲ್ಲರ ಮುಖವೂ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಇಬ್ಬರು ಉದ್ದ ಹಿಡಿಯ ದೊಡ್ಡ ಸೌಟನ್ನು ಹೊತ್ತು, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದು ಬರುತ್ತಾರೆ. ನೆಲದ ಮೇಲೆ ಸಾಲಾಗಿ ಇಟ್ಟ ಮರಳಿನ ಅಚ್ಚುಗಳ ಬಾಯಿಗೆ ಕಬ್ಬಿಣದ ನೀರು ಇಳಿಯುತ್ತದೆ. ಎಲ್ಲರ ಕಣ್ಣೂ ಆ ಧಾರೆಯ ಮೇಲೆ. ಒಬ್ಬ ಹೆಂಗಸಿನ ಕಣ್ಣು ಮಾತ್ರ ಅಚ್ಚಿನ ಬೆನ್ನಿನ ಮೇಲೆ.

ಆಕೆ ತಲೆಗೆ ಬಟ್ಟೆ ಬಿಗಿದಿದ್ದಾರೆ. ಕೈಯಲ್ಲೊಂದು ಕಬ್ಬಿಣದ ಸರಳು, ಅದರ ತುದಿಗೆ ಎಣ್ಣೆಬಟ್ಟೆ ಸುತ್ತಿದ ದೊಂದಿ. ಅಚ್ಚಿನ ಮೇಲ್ಭಾಗದಲ್ಲಿ ದಬ್ಬಣ ಚುಚ್ಚಿದಂಥ ಸಣ್ಣ ಕಂಡಿಗಳಿವೆ. ದೊಂದಿ ಹತ್ತಿರ ಬಂದದ್ದೇ ತಡ, ಕಂಡಿಯೊಂದು ‘ಪುಕ್’ ಎಂದು ಹೊತ್ತಿಕೊಳ್ಳುತ್ತದೆ. ಪಕ್ಕದ್ದು, ಅದರ ಪಕ್ಕದ್ದು. ನೋಡುತ್ತಿದ್ದಂತೆ ಅಚ್ಚಿನ ತುಂಬ ಬೆರಳುದ್ದದ ನೀಲಿ ಜ್ವಾಲೆಗಳು ಎದ್ದು ನಿಲ್ಲುತ್ತವೆ. ಸೌಟು ಹೊತ್ತವರು ಮುಂದಿನ ಅಚ್ಚಿನ ಹತ್ತಿರ ನಿಂತೇ ಇದ್ದಾರೆ, ಹೊಯ್ಯುವುದಿಲ್ಲ. ಹಿಂದಿನ ಅಚ್ಚು ಪೂರ್ತಿ ಹೊತ್ತಿತೆಂದು ಆಕೆ ತಲೆಯಾಡಿಸಬೇಕು, ಆಮೇಲೆ ಮುಂದಿನದು. ಅಷ್ಟು ಭಾರ ಹೊತ್ತು ಒಬ್ಬರ ತಲೆಯಾಟಕ್ಕೆ ಕಾಯುವುದು ಸಣ್ಣ ಮಾತಲ್ಲ. ಆದರೂ ಯಾರೂ ಗೊಣಗುವುದಿಲ್ಲ.

ಈಕೆಯನ್ನು ಇಲ್ಲಿ ಎಲ್ಲರೂ ಮರಳಕ್ಕ ಎನ್ನುತ್ತಾರೆ. ವಯಸ್ಸು ಐವತ್ತರ ಆಸುಪಾಸು. ಮರಳು ಕಲಸುವುದು, ಅಚ್ಚಿಗೆ ಗಾಳಿಕಂಡಿ ಚುಚ್ಚುವುದು, ಎರಕ ಹೊಯ್ದ ಮೇಲೆ ಕಂಡಿಗಳಿಗೆ ಬೆಂಕಿ ಮುಟ್ಟಿಸುವುದು, ಮೂರೂ ಅವರ ಕೆಲಸ. ದಿನಕ್ಕೆ ಅರವತ್ತರಿಂದ ಎಪ್ಪತ್ತು ಅಚ್ಚು. ಒಂದೊಂದು ಅಚ್ಚಿಗೆ ಹತ್ತು ಹನ್ನೆರಡು ಕಂಡಿ. ಲೆಕ್ಕ ಹಾಕಲು ಹೋದರೆ ಅವರೇ ತಡೆಯುತ್ತಾರೆ. “ಎಣಿಸಬೇಡಿ ಅಮ್ಮ. ಎಣಿಸಿದ್ರೆ ಕೈ ನೋಯುತ್ತೆ. ಎಣಿಸದೇ ಇದ್ರೆ ಅದರ ಪಾಡಿಗೆ ಅದು ನಡೀತಾ ಇರುತ್ತೆ.”

ಬೆಂಕಿ ಇಡುವುದು ಯಾಕೆ? ಬರೀ ಮರಳು ಅಚ್ಚಾಗಿ ನಿಲ್ಲುವುದಿಲ್ಲ, ಉದುರಿಹೋಗುತ್ತದೆ. ಅದಕ್ಕೆ ರಾಳದಂಥ ಒಂದು ಅಂಟು ಬೆರೆಸುತ್ತಾರೆ. ಕಾದ ಕಬ್ಬಿಣ ತಾಗಿದಾಗ ಆ ಅಂಟು ಬೆಂದು ಗಾಳಿಯಾಗುತ್ತದೆ. ಅದರಲ್ಲಿ ಬೆಂಜೀನ್, ಫಿನಾಲ್, ಫಾರ್ಮಾಲ್ಡಿಹೈಡ್ ಎಂದು ಓದಿದವರು ಹೇಳುವ ವಿಷಗಳಿವೆ. ಇವು ಕಣ್ಣು ಉರಿಸುತ್ತವೆ, ಗಂಟಲು ಕೆರೆಯುತ್ತವೆ, ಬೀದಿಯ ಕೊನೆಯವರೆಗೂ ನಾರುತ್ತವೆ. ಇವುಗಳ ಜೊತೆ ಇನ್ನೊಂದು ಬರುತ್ತದೆ, ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಪ್ರಾಣವಾಯು ಕೂರಬೇಕಾದ ಜಾಗದಲ್ಲಿ ಕರೆಯದೆ ಬಂದ ನೆಂಟನ ಹಾಗೆ ಕೂತುಬಿಡುತ್ತದೆ. ಕಂಡಿಯ ಬಾಯಲ್ಲೇ ಉರಿಸಿಬಿಟ್ಟರೆ ಅದರ ಬಹುಪಾಲು ವಿಷ ಅಲ್ಲಿಗೇ ಮುಗಿಯುತ್ತದೆ.

“ನಾರೋದಕ್ಕೆ ಹೆದರಬೇಡಿ, ನಾರದೇ ಇರೋದಕ್ಕೆ ಹೆದರಿ” ಎನ್ನುತ್ತಾರೆ ಮರಳಕ್ಕ. “ನಾರೋದು ಬೊಗಳೋ ನಾಯಿ. ಇನ್ನೊಂದು ಸುಮ್ಮನೆ ಬಂದು ಕಚ್ಚುತ್ತೆ.”

ಇಲ್ಲಿ ತಯಾರಾಗುವುದು ನೀರೆತ್ತುವ ಪಂಪಿನ ಭಾಗಗಳು, ರಸ್ತೆಯ ಗುಂಡಿಯ ಮುಚ್ಚಳಗಳು, ಹೊಲಿಗೆ ಯಂತ್ರದ ಗಾಲಿಗಳು. ಬೆಳಗ್ಗೆ ನಲ್ಲಿ ತಿರುಗಿಸಿ ಮುಖ ತೊಳೆಯುವ ನಾವು ಯಾರೂ ಆ ನೀರನ್ನು ಮೇಲಕ್ಕೆತ್ತಿದ ಕಬ್ಬಿಣವನ್ನು ನೆನೆಯುವುದಿಲ್ಲ. ಆ ಕಬ್ಬಿಣ ಆಕಾರ ಪಡೆದಾಗ ಅದರ ಪಕ್ಕ ನಿಂತು ಉಸಿರಾಡಿದವರನ್ನಂತೂ ಇಲ್ಲವೇ ಇಲ್ಲ.

ಈ ದಿನದ ಹೊಯ್ಲಿಗೆ ಒಂದು ವಿಶೇಷವಿದೆ. ಬೀದಿಯ ಕಡೆಯ ಗೋಡೆಯಲ್ಲಿ ನಾಲ್ಕು ದೊಡ್ಡ ಕಿಟಕಿಗಳಿವೆ. ಅವುಗಳ ಕೆಳಗೆ ಹೊಸ ಇಟ್ಟಿಗೆ ಜೋಡಿಸಿಟ್ಟಿದ್ದಾರೆ. ಸಾಲಿನ ಕೊನೆಯಲ್ಲಿರುವ ಆರು ಅಚ್ಚುಗಳು ಹೊಸ ಅಂಟಿನಲ್ಲಿ ಮಾಡಿದವು. ತಣ್ಣಗಾದ ಮೇಲೆ ಅವನ್ನು ಒಡೆದಾಗ ಪಂಪಿನ ಟೊಳ್ಳು ಹೊಟ್ಟೆ ಮರಳು ಉಳಿಯದೆ ಸ್ವಚ್ಛವಾಗಿ ಬಂದರೆ ಕಿಟಕಿಗಳು ಉಳಿಯುತ್ತವೆ. ಬರದಿದ್ದರೆ ನಾಳೆ ಗಾರೆಯವನು ಬಂದು ನಾಲ್ಕನ್ನೂ ಮುಚ್ಚುತ್ತಾನೆ. ಮುಚ್ಚಿದ ಗೋಡೆಯ ಒಳಗೆ ಹನ್ನೊಂದು ಜನ ಕೆಲಸ ಮಾಡಬೇಕು. ಮುಚ್ಚಿದ ಗೋಡೆ ಎಂದರೆ ಏನೆಂದು ಮರಳಕ್ಕನ ಮನೆಗೆ ಚೆನ್ನಾಗಿ ಗೊತ್ತು.

ಅವರು ಇಲ್ಲಿಗೆ ಬಂದದ್ದು ಮದುವೆಯಾದ ಹೊಸತರಲ್ಲಿ. ಗಂಡ ಇಲ್ಲಿಯೇ ಸೌಟು ಹೊರುವವರಾಗಿದ್ದರು. “ಇವರು ಹೊಯ್ದರೆ ಒಂದು ಹನಿ ಆಚೆ ಬೀಳ್ತಿರಲಿಲ್ಲ. ಮನೇಲಿ ಟೀ ಸೋಸಿದ್ರೆ ಮಾತ್ರ ಅರ್ಧ ಲೋಟ ನೆಲದ ಮೇಲೆ” ಎಂದು ನಗುತ್ತಾರೆ. ಒಂದು ಚಳಿಗಾಲದ ನಸುಕು. ಕೈ ಮರಗಟ್ಟುವ ಚಳಿ. ಹೊಯ್ದು ಮುಗಿದ ಮೇಲೆ ಅವರೂ ಇನ್ನಿಬ್ಬರೂ ಬಾಗಿಲು, ಕಿಟಕಿ ಎಲ್ಲವನ್ನೂ ಹಾಕಿಕೊಂಡು, ಕಾದ ಅಚ್ಚುಗಳ ಸುತ್ತ ಕೂತು ಮೈ ಬೆಚ್ಚಗೆ ಮಾಡಿಕೊಂಡರು. ಎರಕದ ಕೆಲಸದವರು ಮಾತ್ರ ಮಾಡಬಹುದಾದ ತಪ್ಪು ಅದು. ಬೇರೆಯವರಿಗೆ ಅಷ್ಟು ಬೆಚ್ಚನೆಯ ಜಾಗವಾದರೂ ಎಲ್ಲಿ ಸಿಗಬೇಕು? ಕಂಡಿಗಳ ಜ್ವಾಲೆ ಆರಿತ್ತು. ಜ್ವಾಲೆ ಆರಿದರೆ ಗಾಳಿಯೂ ಮುಗಿಯಿತೆಂದು ಎಲ್ಲರ ಲೆಕ್ಕ. ಆದರೆ ಅಚ್ಚು ತಣ್ಣಗಾಗುವ ತನಕವೂ ಒಳಗಿನಿಂದ ವಿಷ ಸಣ್ಣಗೆ ಬರುತ್ತಲೇ ಇರುತ್ತದೆ.

ಮರಳಕ್ಕ ಆಗ ಅಂಗಳದಲ್ಲಿ ಮರಳು ಜರಡಿ ಹಿಡಿಯುತ್ತಿದ್ದರು. ಒಳಗಿನ ಹರಟೆ ಕೇಳಿಸುವುದು ನಿಂತಾಗ ಎದ್ದು ಹೋಗಿ ಬಾಗಿಲು ತಳ್ಳಿದರು. ಮೂವರು ಒಬ್ಬರ ಭುಜಕ್ಕೆ ಒಬ್ಬರು ಒರಗಿ, ಸಂತೆ ಮುಗಿಸಿ ಬಂದವರ ಹಾಗೆ ಮಲಗಿದ್ದಾರೆ. ಹೊರಗೆ ಎಳೆದು ಹಾಕಿದ ಇಬ್ಬರು ಗಾಳಿ ತಾಗಿದ್ದೇ ಎದ್ದು ಕೂತರು. ತೀರಾ ಒಳಗೆ ಕೂತಿದ್ದ ಗಂಡ ಆಸ್ಪತ್ರೆಯಲ್ಲಿ ಮೂರನೇ ದಿನ ಕಣ್ಣು ಬಿಟ್ಟರು.

ಜೀವ ಉಳಿಯಿತು, ಆದರೆ ನೆನಪು ಅಲ್ಲಲ್ಲಿ ಹರಿಯಿತು. ನಿನ್ನೆಯದು ನೆನಪಿರುತ್ತದೆ, ಈಗ ತಾನೇ ಮಾಡಿದ್ದು ಮರೆಯುತ್ತದೆ. ಮುಚ್ಚಿದ ಕೋಣೆಯಲ್ಲಿ ಕೂತರೆ ತಲೆ ಸಿಡಿಯುತ್ತದೆ. ಅವರ ಮನೆಯ ಮುಂಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದ ಅವರು ನನ್ನನ್ನು ಕಂಡು ಸರಿದು ಜಾಗ ಕೊಟ್ಟರು. ತಾವು ಕೂತು ಬೆಚ್ಚಗಾಗಿದ್ದ ಕಡೆಯನ್ನೇ ನನಗೆ ಬಿಟ್ಟು, ತಣ್ಣನೆಯ ತುದಿಗೆ ತಾವು ಹೋದರು.

“ನನ್ನ ತಲೆ ಮೊದಲೇ ಅರ್ಧ ಖಾಲಿ ಇತ್ತಮ್ಮ. ಜಾಗ ಇದೆ ಅಂತ ಗಾಳಿ ಹೊಕ್ಕಿತು. ಅದರದ್ದೇನು ತಪ್ಪು?” ಎಂದರು.

“ಅರ್ಧ ಅಲ್ಲ, ಮುಕ್ಕಾಲು” ಎಂದು ಒಳಗಿನಿಂದ ಹೆಂಡತಿ.

“ನೋಡಿ, ಇದೊಂದು ಮಾತ್ರ ಮರೆಯೋಕೆ ಬಿಡಲ್ಲ ಇವಳು!”

ಗಂಡ ಆಸ್ಪತ್ರೆಯಿಂದ ಬಂದ ವಾರದಲ್ಲೇ ಮರಳಕ್ಕ ಕಾರ್ಖಾನೆಯ ಧಣಿಯ ಮುಂದೆ ಹೋಗಿ ನಿಂತರು. ಅಲ್ಲಿಯವರೆಗೆ ಕಂಡಿಗೆ ಬೆಂಕಿ ಇಡುವುದು ಹತ್ತಿರ ಇದ್ದವರ ಕೆಲಸ. ಅವಸರವಿದ್ದರೆ ನಾಲ್ಕು ಅಚ್ಚು ಬಿಟ್ಟೂ ಹೋಗುತ್ತಿತ್ತು. “ಎಲ್ಲರ ಕೆಲಸ ಅಂದ್ರೆ ಯಾರ ಕೆಲಸಾನೂ ಅಲ್ಲ ಧಣಿ. ಇದನ್ನ ನನಗೊಬ್ಬಳಿಗೆ ಕೊಡಿ. ಬಿಟ್ಟುಹೋದರೆ ನನ್ನ ಕೇಳಿ” ಎಂದರು. ಧಣಿ ಕೊಟ್ಟರು. ಕಿಟಕಿಗಳ ಬಾಗಿಲನ್ನೇ ಕಳಚಿಸಿದರು, ಯಾರೂ ಮತ್ತೆ ಮುಚ್ಚದ ಹಾಗೆ. ಅಂದಿನಿಂದ ಇಂದಿನವರೆಗೆ ಇಲ್ಲಿ ಯಾರೂ ಎಚ್ಚರ ತಪ್ಪಿ ಬಿದ್ದಿಲ್ಲ. ಇದನ್ನು ನನಗೆ ಹೇಳಿದ್ದು ಮರಳಕ್ಕನಲ್ಲ, ಕುಲುಮೆಯ ಮೇಸ್ತ್ರಿ. ಅದೂ ಆಕೆ ಕೈ ತೊಳೆಯಲು ಹೋದಾಗ, ಮೆಲ್ಲಗೆ. “ಎದುರಿಗೆ ಹೇಳಿದ್ರೆ ಬೈತಾಳೆ. ಕೆಲಸ ಮುಗಿಯೋಕೆ ಮುಂಚೆ ಹೊಗಳಬಾರದಂತೆ.”

ಬಾಗಿಲ ಪಕ್ಕ ಒಂದು ಸ್ಟೂಲು ಇದೆ. ಯಾರಿಗೆ ತಲೆ ಭಾರವೆನಿಸಿದರೂ, ಕೇಳದೆ ಹೇಳದೆ ಹೋಗಿ ಅದರ ಮೇಲೆ ಕೂರಬಹುದು. ಯಾಕೆ ಕೂತೆ ಎಂದು ಯಾರೂ ವಿಚಾರಿಸುವ ಹಾಗಿಲ್ಲ. ಇದೂ ಮರಳಕ್ಕ ತಂದ ಪದ್ಧತಿ. ವಿಚಾರಿಸಿದರೆ ಗಂಡಸರು ಮರ್ಯಾದೆಗಂಜಿ ಕೂರುವುದಿಲ್ಲವೆಂದು ಅವರಿಗೆ ಗೊತ್ತು.

ಕಿಟಕಿ ತೆರೆದದ್ದರಿಂದ ಒಳಗಿನವರು ಉಳಿದರು. ಆದರೆ ವಾಸನೆ ಬೀದಿಗೆ ಬಂತು. ಎದುರು ಮನೆಯಲ್ಲಿ ನಿವೃತ್ತ ಟೀಚರೊಬ್ಬರು ಇದ್ದಾರೆ. ಅವರ ಅಕ್ಕನಿಗೆ ಉಬ್ಬಸ. ಎರಕ ಹೊಯ್ದ ದಿನ ಆಕೆ ದಿಂಬಿಗೆ ಒರಗಿ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದರು. ಟೀಚರ್ ಮೊದಲು ಧಣಿಗೆ ಹೇಳಿದರು, ಆಮೇಲೆ ಊರಿನ ಕಚೇರಿಗೆ ದೂರು ಕೊಟ್ಟರು. ಛಾವಣಿಗೆ ಫ್ಯಾನು ಹಾಕಿಸಿದ್ದೂ ಆಯಿತು. ಅದು ಒಳಗಿನದನ್ನು ಹೀರಿ ಅದೇ ಬೀದಿಗೆ ಉಗುಳಿತು. ಕೊನೆಗೆ ಬೀದಿ ಕಡೆಯ ಕಿಟಕಿಗಳನ್ನು ಮುಚ್ಚಿಬಿಡುವುದೆಂದು ಧಣಿ ನಿರ್ಧರಿಸಿ ಇಟ್ಟಿಗೆ ತರಿಸಿದರು.

ಮರಳಕ್ಕ ಟೀಚರ ಮನೆಗೆ ಹೋದರು. ಜಗಳವಾಗುತ್ತದೆಂದು ಬೀದಿಯವರು ಕಿವಿ ನೆಟ್ಟಗೆ ಮಾಡಿಕೊಂಡಿದ್ದರಂತೆ. ಆದದ್ದೇ ಬೇರೆ. ಮರಳಕ್ಕ ಮೊದಲು ಅಕ್ಕನ ಕೋಣೆಗೆ ಹೋಗಿ ಹಾಸಿಗೆಯ ಪಕ್ಕ ಕೂತು ಅವರ ಉಸಿರಾಟ ಕೇಳಿಸಿಕೊಂಡರು. ಹೊರಗೆ ಬಂದು ಹೇಳಿದರು, “ನೀವು ದೂರು ಕೊಟ್ಟಿದ್ದು ಸರಿಯಾಗಿದೆ ಟೀಚರೇ. ನಾನಾಗಿದ್ರೆ ಕಲ್ಲು ಹೊಡೀತಿದ್ದೆ.”

ಮಾರನೆಯ ನಸುಕಿಗೆ ಟೀಚರ್ ತಾವೇ ಕಾರ್ಖಾನೆಗೆ ಬಂದು ಆ ಸ್ಟೂಲಿನ ಮೇಲೆ ಕೂತು ಒಂದು ಹೊಯ್ಲು ನೋಡಿದರು. ಕೆಮ್ಮುತ್ತಲೇ ನೋಡಿದರು. “ಅಲ್ಲಮ್ಮ, ಈ ಗೋಡೆ ಮುಚ್ಚಿದ್ರೆ ನನ್ನ ಅಕ್ಕನ ಕಾಯಿಲೆ ನಿಮಗೆ ವರ್ಗ ಆಗುತ್ತೆ, ಅಷ್ಟೇ ತಾನೆ?” ಎಂದರು. ಆಮೇಲೆ ಧಣಿಯ ಕಡೆ ತಿರುಗಿ, ತರಗತಿಯಲ್ಲಿ ಕೇಳುವ ಹಾಗೆ, “ಬೇರೆ ಅಂಟು ಇಲ್ಲವೇನಪ್ಪ?” ಎಂದು ಕೇಳಿದರು.

ಇತ್ತು. ಗಾಜಿನ ದ್ರಾವಣದಂಥ ಒಂದು ಅಂಟು. ಅದನ್ನು ಕಲಸಿದ ಮರಳಿಗೆ ಸೋಡಾ ಬಾಟಲಿಗೆ ತುಂಬುವ ಗಾಳಿಯನ್ನೇ ಹಾಯಿಸಿದರೆ ಗಟ್ಟಿಯಾಗುತ್ತದೆ. ಕಾದ ಕಬ್ಬಿಣ ತಾಗಿದರೂ ಹೆಚ್ಚು ಹೊಗೆಯಿಲ್ಲ, ನಾತವಿಲ್ಲ. ಧಣಿಗೂ ಅದು ಗೊತ್ತಿತ್ತು, ಆದರೆ ಒಂದು ಭಯ. ಎರಕದ ಶಾಖಕ್ಕೆ ಹಳೆಯ ಅಂಟು ಸುಟ್ಟು ಮರಳು ತಾನಾಗಿ ಉದುರುತ್ತದೆ. ಈ ಅಂಟು ಸುಡುವುದಿಲ್ಲ. ಪಂಪಿನ ಹೊಟ್ಟೆಯೊಳಗೆ ಮರಳು ಕಲ್ಲಾಗಿ ಕೂತರೆ ಆ ಪಂಪು ಗುಜರಿಗೆ. ಆದರೂ ಮೂರು ಸಲ ಪ್ರಯತ್ನಿಸಿ ನೋಡೋಣವೆಂದು ಧಣಿ ಒಪ್ಪಿದರು.

ಮೊದಲ ಸಲ ಮರಳು ಕಲ್ಲಾಯಿತು. ಎರಡನೆಯ ಸಲವೂ ಕಲ್ಲಾಯಿತು. ಉಳಿ ಇಟ್ಟು ಹೊಡೆದರೆ ಮರಳು ಬರಲಿಲ್ಲ, ಪಂಪಿನ ಹೊಟ್ಟೆಯೇ ಬಿರಿಯಿತು. ಅಂಟು ಮಾರಿದವರು ಹೇಳಿಕೊಟ್ಟ ಅಳತೆ ಸುಳ್ಳೆಂದು ಎಲ್ಲರೂ ಬೈದರು.

ಆ ಸಂಜೆ ಮನೆಗೆ ಹೋದ ಮರಳಕ್ಕ ಊಟಕ್ಕೆ ಕೂತು ಒಂದು ತುತ್ತೂ ಎತ್ತಲಿಲ್ಲ. ಆಮೇಲೆ ಗಂಡನಿಗೆ ಹೇಳಿದರು, “ಅಳತೆ ಸರಿಯಾಗೇ ಇದೆ ಕಣ್ರೀ. ಕೆಟ್ಟಿರೋದು ನನ್ನ ಕೈ.”

ಮರಳು ಕಲಸುವವರು ಹದ ನೋಡುವುದು ಮುಷ್ಟಿಯಲ್ಲಿ. ಒಂದು ಹಿಡಿ ಹಿಸುಕಿ, ಬೆರಳು ಬಿಚ್ಚಿ, ಉಂಡೆ ನಿಂತರೆ ಹದ, ಬಿರಿದರೆ ಇನ್ನಷ್ಟು ಅಂಟು ಬೇಕು. ಹೊಸ ಅಂಟಿನ ಮರಳು ಆ ಸೋಡಾ ಗಾಳಿ ಹಾಯಿಸುವವರೆಗೂ ಮುಷ್ಟಿಯಲ್ಲಿ ಸಡಿಲವಾಗಿಯೇ ಇರುತ್ತದೆ. ಮರಳಕ್ಕನ ಕೈಗೆ ಅದು ಸಾಲದೆನಿಸಿತು. ಎರಡು ಸಲವೂ ಅಳತೆಯ ಮೇಲೆ ಒಂದು ಚೊಂಬು ಹೆಚ್ಚಿಗೆ ಸುರಿದಿದ್ದರು. ಕಿಟಕಿ ಉಳಿಯಬೇಕೆಂಬ ಆಸೆಗೆ, ಅಚ್ಚು ಎಲ್ಲಿ ಕುಸಿಯುತ್ತದೋ ಎಂಬ ಹೆದರಿಕೆಗೆ. “ನೆಂಟರಿಗೆ ಬಡಿಸೋವಾಗ ಇನ್ನೊಂದು ಸೌಟು ಹಾಕ್ತೀವಲ್ಲ, ಹಾಗೆ ಹಾಕಿಬಿಟ್ಟೆ” ಎಂದು ನನಗೆ ಹೇಳುವಾಗ ಅವರ ದನಿ ತಗ್ಗಿತ್ತು. ಮರುದಿನ ಎಲ್ಲರೂ ಸೇರಿದ್ದಾಗ ಅವರೇ ಇದನ್ನು ಹೇಳಿಕೊಂಡರಂತೆ. ಮೇಸ್ತ್ರಿ, “ನಾನಾದ್ರೂ ಎರಡು ಚೊಂಬು ಹಾಕ್ತಿದ್ದೆ ಬಿಡಕ್ಕ” ಎಂದರಂತೆ. ಆ ಒಂದು ಮಾತಿಗೆ ಅವರಿಗೆ ಎಷ್ಟು ಪುಣ್ಯ ಬಂತೋ ನಾನು ಹೇಳಲಾರೆ.

ಮೂರನೆಯ ಸಲ ತಾನು ಕಲಸುವುದಿಲ್ಲವೆಂದು ಮರಳಕ್ಕ ಹಟ ಹಿಡಿದರು. ಕೈ ಸುಮ್ಮನಿರುವುದಿಲ್ಲ, ಹಾಕೇ ಹಾಕುತ್ತದೆ ಎಂದರು. ಉಳಿದವರದೂ ಅದೇ ಕೈ, ಅದೇ ಅಭ್ಯಾಸ. ಹಾಗಾದರೆ ಯಾರು?

“ನಮ್ಮನೆಯವರು” ಎಂದರು ಮರಳಕ್ಕ.

ಗಂಡನ ಅಡುಗೆಯನ್ನು ನಾನು ನೋಡಿದ್ದೇನೆ. ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿಬಿಡುತ್ತಾರೆಂದು, ಬೇಕಾದದ್ದನ್ನೆಲ್ಲ ಮೊದಲೇ ಸಣ್ಣ ಬಟ್ಟಲುಗಳಲ್ಲಿ ಅಳೆದು ಸಾಲಾಗಿ ಇಟ್ಟುಕೊಳ್ಳುತ್ತಾರೆ. ಬಟ್ಟಲು ಖಾಲಿಯಾದರೆ ಹಾಕಿ ಆಯಿತೆಂದು ಅರ್ಥ. ರುಚಿ ನೋಡುವುದಿಲ್ಲ, ಮೂಸುವುದಿಲ್ಲ. ತನ್ನನ್ನು ತಾನು ನಂಬದವನ ಶಿಸ್ತು ಅದು. ಮರಳು ಕಲಸುವ ಜಾಗ ಅಂಗಳದಲ್ಲಿ, ಬಯಲಿನಲ್ಲಿ. ಅಲ್ಲಿ ವಿಷಗಾಳಿಯ ಭಯವಿಲ್ಲ. ಗೇಟಿನ ಒಳಗೆ ಅವರು ಎಷ್ಟೋ ವರ್ಷಗಳ ಮೇಲೆ ಕಾಲಿಟ್ಟರು.

“ಇಷ್ಟು ಸಡಿಲ ಇದೆಯಲ್ಲೇ! ನಿಲ್ಲುತ್ತಾ ಇದು?” ಎಂದು ಅವರೇ ಅನುಮಾನಪಟ್ಟರಂತೆ.

“ಬಟ್ಟಲು ಖಾಲಿ ಆಯ್ತಾ?”

“ಆಯ್ತು.”

“ಹಾಗಾದ್ರೆ ಕೈ ತೊಳ್ಕೊಂಡು ಈ ಕಡೆ ಬನ್ನಿ. ನಾನೂ ಅತ್ತ ನೋಡಲ್ಲ.”

ಹಾಗೆ ಕಲಸಿದ ಮರಳಿನ ಆರು ಅಚ್ಚುಗಳಿಗೇ ಈಗ ಕಬ್ಬಿಣ ಇಳಿಯುತ್ತಿರುವುದು. ಮರಳಕ್ಕ ರೂಢಿಯಂತೆ ದೊಂದಿ ಚಾಚುತ್ತಾರೆ. ಒಂದೆರಡು ಕಂಡಿಯಲ್ಲಿ ಸಣ್ಣಗೆ ಹೊತ್ತಿದಂತಾಗಿ ಆರುತ್ತದೆ. ಉಳಿದವು ಹೊತ್ತುವುದೇ ಇಲ್ಲ, ಉರಿಯಲು ಅಲ್ಲಿ ಅಂಥದ್ದೇನೂ ಇಲ್ಲ. ಅವರು ದೊಂದಿಯನ್ನು ಮತ್ತೊಮ್ಮೆ ಚಾಚಿ, ನಂಬಿಕೆ ಬಾರದವರಂತೆ ಮೇಸ್ತ್ರಿಯ ಮುಖ ನೋಡುತ್ತಾರೆ.

ಅಚ್ಚು ತಣ್ಣಗಾಗಲು ಮಧ್ಯಾಹ್ನವಾಗುತ್ತದೆ. ಧಣಿ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು ಟೀಚರ್‌ಗೆ ಹಾಕಿ ಪಕ್ಕದಲ್ಲಿ ನಿಲ್ಲುತ್ತಾರೆ. ಗಂಡ ಗೇಟಿನ ಹತ್ತಿರ, ಆಚೆಗೂ ಅಲ್ಲ ಈಚೆಗೂ ಅಲ್ಲ. ಮೇಸ್ತ್ರಿ ಸುತ್ತಿಗೆ ಎತ್ತಿ ಮೊದಲ ಅಚ್ಚಿಗೆ ಬಡಿಯುತ್ತಾರೆ. ಹೊರಗಿನ ಮರಳು ಬೀಳುತ್ತದೆ, ಅದು ಪ್ರತಿ ಸಲವೂ ಬೀಳುತ್ತಿತ್ತು. ಪಂಪಿನ ಹೊಟ್ಟೆಯನ್ನು ಮಗುಚಿ ಬೆನ್ನಿಗೆ ಒಂದು ಏಟು ಹಾಕುತ್ತಾರೆ. ಏನೂ ಇಲ್ಲ. ಮರಳಕ್ಕ ಕಣ್ಣು ಮುಚ್ಚಿದ್ದಾರೆ. ಇನ್ನೊಂದು ಏಟು. ಒಳಗೆ ಏನೋ ಬಿರಿದ ಸದ್ದು. ಮೂರನೆಯ ಏಟಿಗೆ ಒಂದು ಹೆಂಟೆ ಜಾರಿ ಬೀಳುತ್ತದೆ, ಅದರ ಹಿಂದೆ ಬುಡಬುಡನೆ ಉಳಿದದ್ದು. ಮೇಸ್ತ್ರಿ ತೋಳನ್ನು ಒಳಗೆ ತೂರಿಸಿ ತಡಕಿ, ಹೊರಗೆ ತೆಗೆದು ಬರಿಗೈ ತೋರಿಸುತ್ತಾರೆ.

ಆರರಲ್ಲಿ ಐದು ಸರಿಯಾಗಿ ಬಂದವು. ಒಂದರಲ್ಲಿ ಮೂಲೆಯ ಮರಳು ಹಟ ಮಾಡಿತು, ಉಳಿ ಹಾಕಿ ಕೀಳಬೇಕಾಯಿತು. ಧಣಿ ಎಲ್ಲವನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, “ಗಾರೆಯವನಿಗೆ ಬರಬೇಡ ಅಂತ ಹೇಳಿ” ಎಂದು ಮಾತ್ರ ಹೇಳಿದರು.

ಎಲ್ಲ ಮುಗಿಯಿತೆಂದಲ್ಲ. ಹೊಸ ಅಂಟು ಸಣ್ಣ ಅಚ್ಚುಗಳಿಗೆ ಒಗ್ಗಿದೆ. ವಾರಕ್ಕೊಮ್ಮೆ ಹೊಯ್ಯುವ ದೊಡ್ಡ ಅಚ್ಚುಗಳಿಗೆ ಇನ್ನೂ ಹಳೆಯದೇ ಬೇಕು. ಆ ಒಂದು ಬೆಳಗ್ಗೆ ಅಕ್ಕನನ್ನು ಹಿಂದಿನ ಕೋಣೆಗೆ ಕರೆದೊಯ್ದು ಮಲಗಿಸುತ್ತೇನೆಂದು ಟೀಚರ್ ತಾವಾಗಿ ಹೇಳಿದರು. ಯಾವ ದಿನವೆಂದು ಹಿಂದಿನ ಸಂಜೆಯೇ ಬಂದು ತಿಳಿಸುತ್ತೇನೆಂದು ಮರಳಕ್ಕ ಮಾತು ಕೊಟ್ಟರು. ಕಚೇರಿಯ ಕಾಗದಗಳಿಂದ ಬಗೆಹರಿಯದ್ದು ಇಬ್ಬರು ಹೆಂಗಸರ ನಡುವೆ ಹೀಗೆ ಬಗೆಹರಿಯಿತು. ನಾವು ಕುಡಿಯುವ ಪ್ರತಿ ಲೋಟ ನೀರಿನ ಹಿಂದೆ ಇಂಥ ಎಷ್ಟು ಒಪ್ಪಂದಗಳಿವೆಯೋ! ಯಾರಿಗೆಂದು ಕೈ ಮುಗಿಯುವುದು?

ಹೊರಡುವ ಮುನ್ನ ಮರಳಕ್ಕನನ್ನು ಕೇಳಿದೆ, ಇನ್ನೇನು ಆಸೆ ಇದೆ ಎಂದು. ಅವರು ಅಂಗೈಯ ಮರಳನ್ನು ಉಜ್ಜಿ ಉದುರಿಸುತ್ತ, ಗೇಟಿನ ಕಡೆ ನೋಡಿದರು. ಅಲ್ಲಿ ಗಂಡ, ಸೌಟು ಹೊರುವ ಇಬ್ಬರನ್ನೂ ನಿಲ್ಲಿಸಿಕೊಂಡು ಹೆಜ್ಜೆ ಹೇಗೆ ಇಡಬೇಕೆಂದು ಖಾಲಿ ಕೈಯಲ್ಲಿ ತೋರಿಸುತ್ತಿದ್ದರು.

“ದೊಡ್ಡ ಅಚ್ಚಿಗೂ ಈ ಮರಳು ಒಗ್ಗಲಿ ಅಮ್ಮ. ಆಮೇಲೆ ಒಂದೇ ಒಂದು ದಿನ ಇವರನ್ನ ಒಳಗೆ ಕರ್ಕೊಂಡು ಹೋಗಿ ನಿಲ್ಲಿಸ್ತೀನಿ. ಹೊಯ್ಯೋದನ್ನ ನೋಡ್ಲಿ. ‘ಹೀಗಾ ಹೊಯ್ಯೋದು, ಕತ್ತೆಗಳಾ’ ಅಂತ ಎಲ್ಲರನ್ನೂ ಬಾಯ್ತುಂಬ ಬೈಲಿ. ಇವರ ಬೈಗಳು ಕೇಳದೆ ಒಳಗೆ ಎಲ್ಲರಿಗೂ ಬೇಜಾರಾಗಿದೆ.”